ಪ್ರತಿಕೃತಿಯು ಕಲೆಯಲ್ಲವೆ?

ಕೆಲವು ತಿಂಗಳ ಹಿಂದೆ ನಮ್ಮ ಸೀಮೆಯ ಶಾಲಾಮಕ್ಕಳ ಒಂದು ಚಿತ್ರಪ್ರದರ್ಶನಕ್ಕೆ ಹೋಗುವ ಪ್ರಸಂಗವು ನನಗೊದಗಿತು. ಮಂಠಾಳದ ಕಡೆಯ ಹಳ್ಳಿಯೊಂದರ ಹುಡುಗನು ಕಲ್ಯಾಣದ ಕೋಟೆಯ ಬಾಗಿಲನ್ನು ಲಿನೋಲಿಯಂ ಹಾಳೆಯಲ್ಲಿ ಕೊರೆದು, ಮುದ್ರಣದ ಮಸಿಯನ್ನು ಸವರಿ, ಮೇಲೆ ಕಾಗದವನ್ನಿಟ್ಟು ಚಮಚದ ಬೆನ್ನಿನಿಂದ ತಿಕ್ಕಿ ತೆಗೆದ ಅಚ್ಚಿನ ಚಿತ್ರವೊಂದನ್ನು ಅಲ್ಲಿಗೆ ತಂದಿದ್ದನು. ಹಳೆಯ ಛಾಯಾಚಿತ್ರವನ್ನು ನೋಡಿ ಮಾಡಿದ್ದೆಂದು ಅವನೇ ಕೆಳಗೆ ಬರೆದಿದ್ದನು. ಆ ಪ್ರಾಮಾಣಿಕತೆಯೇ ಅವನಿಗೆ ಮುಳುವಾಯಿತು. ತೀರ್ಪುಗಾರರಲ್ಲೊಬ್ಬರು, “ಇದು ನಕಲು, ಅದರಲ್ಲಿಯೂ ಅಚ್ಚೊತ್ತಿದ್ದು. ಇಂಥದನ್ನು ನೂರು ತೆಗೆಯಬಹುದು. ಕಲೆಯೆಂದರೆ ಸ್ವಂತದ್ದಾಗಿರಬೇಕು” ಎಂದು ಅದನ್ನು ಬದಿಗಿರಿಸಿದರು. ಪ್ರಥಮ ಬಹುಮಾನವು ಹಿಮದ ಬೆಟ್ಟ, ನೀಲಿಯ ಸರೋವರ, ದೇವದಾರು ಮರಗಳುಳ್ಳ ಒಂದು ಬಣ್ಣದ ಚಿತ್ರಕ್ಕೆ ಸಂದಿತು. ಆ ಹಿಮದ ಬೆಟ್ಟವನ್ನು ನಾನು ಮೊದಲೇ ಬಲ್ಲೆನು. ಅದು ಬೀಜ ಗೊಬ್ಬರದ ಅಂಗಡಿಯೊಂದರ ಕ್ಯಾಲೆಂಡರಿನ ಮೇಲೆ ವರ್ಷವಿಡೀ ತೂಗಾಡುತ್ತಿದ್ದ ಬೆಟ್ಟ.

ಹೊರಗೆ ಬಂದ ಮೇಲೆ ಆ ಹುಡುಗನು ನನ್ನನ್ನು ಕೇಳಿದನು: “ಗುರುಗಳೇ, ನಾ ಕಳವು ಮಾಡೀನೇನ್ರೀ?”

ಮೂರು ದಶಕಗಳಿಗೂ ಮಿಕ್ಕಿ ಕರಿಹಲಗೆಯ ಮುಂದೆ ನಿಂತ ನನಗೆ ಆ ಕ್ಷಣದಲ್ಲಿ ಸಮರ್ಪಕವಾದ ಉತ್ತರವು ಹೊಳೆಯಲಿಲ್ಲ. ಈ ಲೇಖನವೇ ಆ ಉತ್ತರವು. ತೀರ್ಪು ಕೊಟ್ಟ ಮಹನೀಯರ ಮೇಲೆ ನನಗೆ ಯಾವ ವೈರವೂ ಇಲ್ಲ. ಅವರ ಬಾಯಿಂದ ಬಂದ ಅಭಿಪ್ರಾಯವು ವಿದ್ಯಾವಂತರ ಮನೆಮನೆಗಳಲ್ಲಿ ಬೇರೂರಿದ್ದು. ಆದಕಾರಣವೇ ಅದನ್ನು ಖಂಡಿಸಬೇಕಾಗಿದೆ.

ಶಾಸ್ತ್ರಮರ್ಯಾದೆಯಂತೆ ಮೊದಲು ಪೂರ್ವಪಕ್ಷವನ್ನು ಅನ್ಯಾಯವಿಲ್ಲದೆ ಹೇಳುವೆನು. ಅವರ ವಾದಕ್ಕೆ ಮೂರು ಕಾಲುಗಳುಂಟು. ಒಂದನೆಯದು: ಅಚ್ಚೊತ್ತುವುದು ಯಂತ್ರದ ಕೆಲಸ, ಅದು ಒಂದೇ ಬಗೆಯ ನೂರು ಪ್ರತಿಗಳನ್ನು ಕೊಡುವುದು, ನೂರಾದದ್ದಕ್ಕೆ ಬೆಲೆಯಿಲ್ಲ. ಎರಡನೆಯದು: ಇನ್ನೊಬ್ಬನ ಚಿತ್ರವನ್ನು ನೋಡಿ ಮಾಡಿದ್ದರಲ್ಲಿ ಪ್ರತಿಭೆಗೆ ಅವಕಾಶವಿಲ್ಲ. ಮೂರನೆಯದು: ಇದ್ದದ್ದನ್ನು ಇದ್ದಂತೆ ತೋರಿಸಲು ಈಗ ಪ್ರತಿಯೊಬ್ಬನ ಜೇಬಿನಲ್ಲಿಯೂ ಕ್ಯಾಮರಾ ಇರುವುದರಿಂದ, ಕೈಯಿಂದ ಪ್ರತಿ ಮಾಡುವುದು ವ್ಯರ್ಥಶ್ರಮ. ಇವನ್ನು ಕ್ರಮವಾಗಿ ಪರೀಕ್ಷಿಸೋಣ.

ಅಚ್ಚಿನ ಚಿತ್ರವೆಂದರೇನೆಂಬುದನ್ನು ತಿಳಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಬಿದರಿಯ ಕೆಲಸವನ್ನು ನೆನೆಯಿರಿ. ಸತುವಿಗೆ ಸ್ವಲ್ಪ ತಾಮ್ರವನ್ನು ಕೂಡಿಸಿ ಎರಕ ಹೊಯ್ದ ಪಾತ್ರೆಗೆ ಮೈಲುತುತ್ತದ ನೀರನ್ನು ಸವರಿ ಕಪ್ಪಾಗಿಸಿ, ಮೊನೆಯಿಂದ ಹೂಬಳ್ಳಿಯ ಗೆರೆಗಳನ್ನೆಳೆದು, ಉಳಿಯಿಂದ ಕೊರೆದು, ಆ ತೋಡಿನೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವರು. ಕೊನೆಗೆ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ನೀರು ತಗುಲಲು ಲೋಹವು ಕಡುಕಪ್ಪಾಗಿ, ಬೆಳ್ಳಿಯು ಬೆಳ್ಳಿಯಾಗಿಯೇ ಉಳಿಯುವುದು. ಈಗ ಸಮತಟ್ಟಾದ ತಗಡೊಂದರ ತೋಡಿನಲ್ಲಿ ಬೆಳ್ಳಿಗೆ ಬದಲಾಗಿ ಮಸಿಯನ್ನು ತುಂಬಿ, ಮೇಲ್ಮೈಯನ್ನು ಒರಸಿ, ನೆನೆದ ಕಾಗದವನ್ನಿಟ್ಟು ಬಲವಾಗಿ ಒತ್ತಿದೆವೆಂದು ಭಾವಿಸಿರಿ. ಅದೇ ಲೋಹದ ಅಚ್ಚಿನ ಚಿತ್ರವು. ಯೂರೋಪಿನಲ್ಲಿಯೂ ಈ ವಿದ್ಯೆಯು ಅಕ್ಕಸಾಲಿಗರ ಮತ್ತು ಕವಚಗಾರರ ಮನೆಯಿಂದಲೇ ಹೊರಟಿತು. ಉಕ್ಕಿನ ಕವಚದ ಮೇಲೆ ದ್ರಾವಕದಿಂದ ಚಿತ್ತಾರವನ್ನು ತಿನ್ನಿಸುವ ಕ್ರಮವನ್ನು 1500ರ ಸುಮಾರಿಗೆ ಜರ್ಮನಿಯ ಔಗ್ಸ್‌ಬರ್ಗಿನ ಡೇನಿಯಲ್ ಹೋಪ್‌ಫರನು ಕಾಗದದ ಚಿತ್ರಕ್ಕೆ ತಿರುಗಿಸಿದನು. ಬೆಳ್ಳಿಯಿಂದ ಮಸಿಗೆ ಒಂದೇ ಹೆಜ್ಜೆ. ಅವರು ಅದನ್ನಿಟ್ಟರು, ನಮ್ಮ ಕುಶಲಕರ್ಮಿಗಳು ಒಬ್ಬ ಅಮೀರನ ಹುಕ್ಕೆಯನ್ನೋ ಹೂಜಿಯನ್ನೋ ಸಿಂಗರಿಸಿ ಅಲ್ಲಿಯೇ ನಿಂತರು.

ಎಚ್ಚಿಂಗ್ ಎಂದು ಕರೆಯಲ್ಪಡುವ ಈ ದ್ರಾವಕದ ಪದ್ಧತಿಯು 17ನೆಯ ಶತಮಾನದ ಹಾಲೆಂಡಿನಲ್ಲಿ, ವಿಶೇಷವಾಗಿ ನಿಸರ್ಗದ ನೋಟಗಳಲ್ಲಿ, ಪೂರ್ಣಯೌವನವನ್ನು ಪಡೆಯಿತು. ತಾಮ್ರದ ತಗಡನ್ನು ಬಿಸಿಮಾಡಿ, ಮೇಣ ರಾಳಗಳ ತೆಳ್ಳನೆಯ ಲೇಪವನ್ನು ಕೊಟ್ಟು, ಹೊಗೆಯಿಂದ ಕಪ್ಪಾಗಿಸುವರು. ಕಲೆಗಾರನು ಸೂಜಿಯಿಂದ ಆ ಲೇಪವನ್ನಷ್ಟೇ ಗೀಚುತ್ತ ಹೋಗುವನು. ಬಳಿಕ ತಗಡನ್ನು ದ್ರಾವಕದಲ್ಲಿ ಮುಳುಗಿಸಲು, ಲೇಪವು ಹೋದೆಡೆಯಲ್ಲಿ ಮಾತ್ರ ಅದು ತಾಮ್ರವನ್ನು ತಿನ್ನುವುದು. ಸ್ವಲ್ಪ ಹೊತ್ತು ತಿಂದರೆ ಕೂದಲೆಳೆಯಂಥ ಗೆರೆ. ಬಹಳ ಹೊತ್ತು ತಿಂದರೆ ಆಳವಾದ ಕಪ್ಪು ಗೆರೆ. ಆದ್ದರಿಂದ ದೂರದ ದಿಬ್ಬವನ್ನೂ ಮೋಡದ ಅಂಚನ್ನೂ ಬೇಗನೆ ವಾರ್ನಿಶಿನಿಂದ ಮುಚ್ಚಿ, ಹತ್ತಿರದ ಮರದ ಬೊಡ್ಡೆಗಾಗಿ ತಗಡನ್ನು ಮತ್ತೆ ಮತ್ತೆ ಮುಳುಗಿಸಬೇಕು. ದೂರ ಸಮೀಪಗಳ ಭೇದವನ್ನು ಇಲ್ಲಿ ಕಾಲವೇ ಬರೆಯುವುದು; ಆ ಕಾಲವನ್ನು ಅಳೆಯುವವನು ಕಲೆಗಾರನು. ಮೇಲಾಗಿ ಅಚ್ಚಿನಲ್ಲಿ ಎಡವು ಬಲವಾಗುವುದರಿಂದ ಎಲ್ಲವನ್ನೂ ತಿರುವುಮುರುವಾಗಿ ಕಲ್ಪಿಸಿಕೊಳ್ಳಬೇಕು. ನಮ್ಮ ಹುಡುಗನು ಕೋಟೆಯ ಬಾಗಿಲನ್ನು ಹಾಗೆ ತಿರುಗಿಸಿ ಕೊರೆದೇ ಸರಿಯಾದ ಅಚ್ಚನ್ನು ತೆಗೆದಿದ್ದನು. ಇದು ಬರಿಯ ಯಂತ್ರದ ಕೆಲಸವೆ?

ಒಂದೇ ಬಗೆಯ ನೂರು ಪ್ರತಿಗಳೆಂಬ ಮಾತೂ ನಿಲ್ಲುವುದಿಲ್ಲ. ಹರ್ಕ್ಯುಲಿಸ್ ಸೇಗರ್ಸ್ ಎಂಬ ಡಚ್ ಕಲೆಗಾರನು ಒಂದೇ ತಗಡಿನಿಂದ ಒಂದನ್ನು ನೀಲಿ ಮಸಿಯಲ್ಲಿ, ಇನ್ನೊಂದನ್ನು ಹಸುರಿನಲ್ಲಿ, ಒಂದನ್ನು ಬಣ್ಣ ಬಳಿದ ಕಾಗದದ ಮೇಲೆ, ಇನ್ನೊಂದನ್ನು ಬಟ್ಟೆಯ ಮೇಲೆ ತೆಗೆದನು. ಅವನ ಐವತ್ತಕ್ಕೆ ಮಿಕ್ಕಿದ ತಗಡುಗಳಿಂದ ಇಂದು ಉಳಿದಿರುವ ಅಚ್ಚುಗಳು ಸುಮಾರು 180. ಅವುಗಳಲ್ಲಿ ಒಂದರಂತೆ ಇನ್ನೊಂದಿಲ್ಲವೆನ್ನಬಹುದು. ಒಂದು ಗರ್ಭದ ಮಕ್ಕಳೆಂದು ಅಣ್ಣತಮ್ಮಂದಿರನ್ನು ಯಾರಾದರೂ ಒಬ್ಬನೇ ಎನ್ನುವರೆ?

ಎರಡನೆಯ ಆಕ್ಷೇಪವೇ ಮುಖ್ಯವಾದುದು. ಇನ್ನೊಬ್ಬನನ್ನು ಅನುಸರಿಸಿದ ಕೈಯಲ್ಲಿ ಪ್ರತಿಭೆ ಇರಲಾರದೆ? ಇದಕ್ಕೆ ಇದೇ ಸೇಗರ್ಸನ ಒಂದು ತಗಡಿನ ಚರಿತ್ರೆಯನ್ನು ಉತ್ತರವಾಗಿ ಇಡುವೆನು. ರೋಮಿನಲ್ಲಿ ನೆಲೆಸಿ 1610ರಲ್ಲಿ ತೀರಿಕೊಂಡ ಆಡಮ್ ಎಲ್ಸ್‌ಹೈಮರ್ ಎಂಬ ಜರ್ಮನ್ ಚಿತ್ರಕಾರನು ಬರೆದ ಚಿತ್ರಗಳು ಕೆಲವೇ. ಅವೂ ಅಂಗೈಯಗಲದ, ಮೊಳದೊಳಗಿನ ತಾಮ್ರದ ಹಲಗೆಗಳು. ಅವುಗಳಲ್ಲಿ ಏಳನ್ನು ಹೆಂಡ್ರಿಕ್ ಗೌಟ್ ಎಂಬವನು ಉಳಿಯಿಂದ ತಗಡಿನಲ್ಲಿ ಕೊರೆದು ಅಚ್ಚು ತೆಗೆದನು. ಎಲ್ಸ್‌ಹೈಮರನ ಕೀರ್ತಿಯು ದೇಶದೇಶಗಳನ್ನು ಮುಟ್ಟಿದ್ದು ಈ ಏಳು ಪ್ರತಿಕೃತಿಗಳ ಬೆನ್ನೇರಿ. ಬಾಲಕ ಟೋಬಿಯಾಸನು ದೇವದೂತನೊಡನೆ ನಡೆಯುವ, 1613ರಲ್ಲಿ ಗೌಟನು ಕೊರೆದ ಚಿತ್ರವೂ ಅವುಗಳಲ್ಲೊಂದು. ಅದನ್ನು ನೋಡಿ ಸೇಗರ್ಸನು ತನ್ನದೊಂದು ಎಚ್ಚಿಂಗನ್ನು ಮಾಡಿದನು. ಸೇಗರ್ಸನು ಸತ್ತ ಮೇಲೆ ಆ ತಾಮ್ರದ ತಗಡೇ ರೆಂಬ್ರಾಂಟನ ಕೈಸೇರಿತು. ಅವನು 1653ರ ಸುಮಾರಿಗೆ ಟೋಬಿಯಾಸನನ್ನೂ ದೇವದೂತನನ್ನೂ ಕೆರೆದು ಅಳಿಸಿ, ಆ ಸ್ಥಳದಲ್ಲಿ ಈಜಿಪ್ಟಿಗೆ ಪಲಾಯನ ಮಾಡುವ ಮೇರಿ ಜೋಸೆಫರನ್ನು ಚಿಕ್ಕದಾಗಿ ಬರೆದನು. ಸೇಗರ್ಸನ ಭೂದೃಶ್ಯದ ಬಹುಭಾಗವನ್ನು ಮುಟ್ಟಲಿಲ್ಲ. ಕಣ್ಣಿಟ್ಟು ನೋಡಿದರೆ ಮರಗಳ ನಡುವೆ ಹಳೆಯ ದೇವದೂತನ ರೆಕ್ಕೆಯ ಗೆರೆಗಳು ಇಂದಿಗೂ ಕಾಣುವವು. ಒಂದು ಚಿತ್ರದಲ್ಲಿ ನಾಲ್ವರ ಕೈ. ಇವರಲ್ಲಿ ಯಾರನ್ನು ಬದಿಗಿರಿಸುವಿರಿ? ಆ ರೆಂಬ್ರಾಂಟನು ಬಡವಾಗಿ ದಿವಾಳಿಯಾದ 1656ರ ಯಾದಿಯಲ್ಲಿ ಸೇಗರ್ಸನ ಎಂಟು ವರ್ಣಚಿತ್ರಗಳಿದ್ದವು. ತಾನು ಕೆರೆದ ತಗಡಿನ ಒಡೆಯನನ್ನು ಅವನು ಎಷ್ಟು ಗೌರವಿಸುತ್ತಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಅಷ್ಟೇ ಅಲ್ಲ. ಔರಂಗಜೇಬನ ಸೈನ್ಯವು ನಮ್ಮ ಕಲ್ಯಾಣದ ಕೋಟೆಯನ್ನು ಬಿಜಾಪುರದವರಿಂದ ಕಸಿದುಕೊಂಡದ್ದು 1657ರಲ್ಲಿ. ಸುಮಾರು ಅದೇ ವರ್ಷಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಐವತ್ತು ದಾಟಿದ ರೆಂಬ್ರಾಂಟನು ಮೊಗಲ್ ಚಿತ್ರಗಳನ್ನು ಮುಂದಿಟ್ಟುಕೊಂಡು, ಔರಂಗಜೇಬನ ತಂದೆ ಶಹಾಜಹಾನನ ರೂಪವನ್ನು ಶಿಷ್ಯನಂತೆ ಪ್ರತಿ ಮಾಡುತ್ತಿದ್ದನು. ಅಂಥ ಪ್ರತಿಗಳು ಇಪ್ಪತ್ತಕ್ಕೂ ಹೆಚ್ಚು ಉಳಿದಿವೆ. ಯೂರೋಪು ತಲೆಬಾಗುವ ಆಚಾರ್ಯನು ನಮ್ಮ ದೇಶದ, ಹೆಸರು ಕೂಡ ತಿಳಿಯದ ಚಿತ್ರಗಾರರನ್ನು ನಕಲು ಮಾಡಲು ನಾಚಲಿಲ್ಲ. ಮಂಠಾಳದ ಹುಡುಗನು ನಾಚಬೇಕಂತೆ!

ಪ್ರತಿಪಕ್ಷದ ಪಂಡಿತರು ಇಲ್ಲಿ ಆನಂದವರ್ಧನನನ್ನು ಕರೆತರಬಹುದು. ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಅವನು ಕಾವ್ಯಗಳ ಹೋಲಿಕೆಯನ್ನು ಮೂರು ಬಗೆಯಾಗಿ ವಿಭಾಗಿಸಿ, ಕನ್ನಡಿಯ ಬಿಂಬದಂಥದನ್ನೂ ಬರೆದ ಚಿತ್ರದಂಥದನ್ನೂ ಕವಿಯು ಬಿಡಬೇಕೆಂದೂ, ಇಬ್ಬರು ದೇಹಧಾರಿಗಳ ಹೋಲಿಕೆಯಂಥದನ್ನು ಬಿಡಬೇಕಾಗಿಲ್ಲವೆಂದೂ ವಿಧಿಸಿರುವುದು ನಿಜ. ಆದರೆ ಆ ವಿಧಿಯು ಕವಿಯಿಂದ ಕವಿಗೆ, ಮಾತಿನಿಂದ ಮಾತಿಗೆ ಸಲ್ಲತಕ್ಕದ್ದು. ಬಣ್ಣವನ್ನು ಗೆರೆಯಾಗಿ, ಕಲ್ಲನ್ನು ಕಪ್ಪು ಬಿಳುಪಾಗಿ ಪರಿವರ್ತಿಸುವವನಿಗೆ ಬಿಂಬದ ದೋಷವು ತಗುಲುವುದಾದರೂ ಹೇಗೆ? ಗೌಟನ ತಗಡಿನಲ್ಲಿ ಒಂದು ತೊಟ್ಟು ಬಣ್ಣವೂ ಇರಲಿಲ್ಲ. ಎಲ್ಸ್‌ಹೈಮರನ ಬೆಳಕನ್ನು ಅವನು ಗೆರೆಯ ಒತ್ತು ವಿರಳಗಳಿಂದಲೇ ಮತ್ತೆ ಹುಟ್ಟಿಸಬೇಕಾಯಿತು. ಅದಕ್ಕೆ ದೇಹ ಬೇರೆ. ಇನ್ನು ಕವಿಗಳ ಕಳವನ್ನು ಕುರಿತು ಅಧ್ಯಾಯಗಳನ್ನೇ ಬರೆದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ‘ಪರಪುರಪ್ರವೇಶ’ವೆಂಬ ನಾಲ್ಕನೆಯದೊಂದನ್ನು ಹೇಳಿರುವನು. ಯೋಗಿಯು ಪರಕಾಯವನ್ನು ಹೊಕ್ಕಂತೆ ಮೂಲವನ್ನು ಹೊಕ್ಕು, ಅದನ್ನು ಬೇರೊಂದು ಜೀವದಿಂದ ನಡೆಯಿಸುವುದು. ಸೇಗರ್ಸನ ತಗಡನ್ನು ರೆಂಬ್ರಾಂಟನು ಹೊಕ್ಕದ್ದಕ್ಕಿಂತ ತಕ್ಕ ಉದಾಹರಣೆಯನ್ನು ಆ ಶಬ್ದಕ್ಕೆ ನಾನು ಕಾಣೆನು.

ಇರಲಿ, ಶಾಸ್ತ್ರವನ್ನು ಬಿಟ್ಟು ನಮ್ಮ ಊರಿಗೇ ಬರೋಣ. ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಬರೆದ ಮಿತಾಕ್ಷರೆಯು ಯಾವುದು? ಸ್ವತಂತ್ರ ಗ್ರಂಥವೆ? ಅಲ್ಲ, ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನವು. ಇನ್ನೊಬ್ಬರ ಗ್ರಂಥವನ್ನು ಸಾಲುಸಾಲಾಗಿ ಹಿಂಬಾಲಿಸಿದ ಆ ‘ಪ್ರತಿ’ಯೇ ಬಂಗಾಳವನ್ನು ಬಿಟ್ಟು ಬಹುಪಾಲು ಭರತಖಂಡದಲ್ಲಿ ದಾಯಭಾಗಕ್ಕೆ ಪ್ರಮಾಣವಾಯಿತು, ಅವಿಭಕ್ತ ಕುಟುಂಬದ ಆಸ್ತಿಯ ವ್ಯಾಜ್ಯಗಳಲ್ಲಿ ಅದರ ಹೆಸರು ಇಂದಿಗೂ ಕೇಳಿಬರುವುದು. ವ್ಯಾಖ್ಯಾನಕಾರನೆಂದು ವಿಜ್ಞಾನೇಶ್ವರನು ತಲೆತಗ್ಗಿಸಿದನೆ? ಗ್ರಂಥದ ಕೊನೆಯಲ್ಲಿ ಕಲ್ಯಾಣದಂಥ ನಗರವನ್ನೂ ವಿಕ್ರಮನಂಥ ರಾಜನನ್ನೂ ಹೊಗಳಿ, ಅವರ ಪಂಕ್ತಿಯಲ್ಲಿಯೇ ತನ್ನನ್ನೂ ಕೂರಿಸಿಕೊಂಡನು! ನಮ್ಮ ನೆರೆಯ ಮೆದಕಿನ ಸೀಮೆಯವನಾದ ಕೋಲಾಚಲ ಮಲ್ಲಿನಾಥನ ಕೈ ಹಿಡಿಯದೆ ಪಾಠಶಾಲೆಯಲ್ಲಿ ಕಾಳಿದಾಸನ ಬಾಗಿಲನ್ನು ದಾಟಿದವರು ಯಾರಿದ್ದಾರೆ? ಮೂಲದಲ್ಲಿಲ್ಲದ್ದನ್ನು ಬರೆಯೆನೆಂಬುದು ಅವನ ವ್ರತವು. ಪ್ರತಿಕೃತಿಯ ಕಲೆಗಾರನ ವ್ರತವೂ ಅದೇ. ಅವನು ಚಿತ್ರದ ಟೀಕಾಕಾರನು. ಇನ್ನೂ ಹತ್ತಿರದ ಮಾತು: ಬಸವಣ್ಣನವರ ಸ್ವಹಸ್ತದ ಒಂದು ಓಲೆಯೂ ನಮಗೆ ಉಳಿದಿಲ್ಲ. ಹಳಕಟ್ಟಿಯವರು ಊರೂರು ತಿರುಗಿ ಸಂಗ್ರಹಿಸಿದ್ದು ಪ್ರತಿಕಾರರ ಕಟ್ಟುಗಳನ್ನು. 1923ರಲ್ಲಿ ವಚನಶಾಸ್ತ್ರಸಾರವಾಗಿ ಅಚ್ಚಾದದ್ದು ಪ್ರತಿಯ ಪ್ರತಿಯ ಪ್ರತಿಯು. ಪ್ರತಿಯನ್ನು ಹೀನವೆಂದವನು ಕಲ್ಯಾಣದ ನೆಲದಲ್ಲಿ ನಿಂತು ಆ ಮಾತನ್ನು ಆಡಬಾರದು.

ಮೂರನೆಯದು ಕ್ಯಾಮರಾದ ವಾದ. ಕ್ಯಾಮರಾವನ್ನು ನಾನು ದ್ವೇಷಿಸುವವನಲ್ಲ. ಹುಡುಗನಿಗೆ ಆಧಾರವಾದದ್ದೂ ಛಾಯಾಚಿತ್ರವೇ. ಆದರೆ ಕ್ಯಾಮರಾ ತೆಗೆಯುವುದು, ಕೈ ಕಲಿಯುವುದು. ಕೋಟೆಯ ಮುಂದೆ ದಿನವೂ ಫೋನು ಹಿಡಿದು ತನ್ನ ಮುಖದ ಹಿಂದೆ ಬಾಗಿಲನ್ನು ನಿಲ್ಲಿಸಿಕೊಳ್ಳುವ ತರುಣನನ್ನು, ಆ ಕಮಾನಿನ ಆಕಾರ ಹೇಗಿದೆ, ಅದರ ಬದಿಯ ಗೋಡೆಯ ಕಲ್ಲಿನ ಸಾಲುಗಳು ಹೇಗೆ ಕೂಡಿವೆ ಎಂದು ಕೇಳಿನೋಡಿರಿ. ಕೊರೆದ ಹುಡುಗನಿಗೆ ಅದು ತಿಳಿದಿದೆ. ಬೆರಳಿಗೆ ತಾಕಿದ ಉಳಿಯ ಗಾಯದೊಡನೆ ತಿಳಿದಿದೆ. ಶಾಸನಗಳ ಸಂಶೋಧಕರು ಇಂದಿಗೂ ಕ್ಯಾಮರಾವನ್ನಷ್ಟೇ ನಂಬಿ ಕೂಡುವುದಿಲ್ಲ. ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಹೊದಿಸಿ, ಕುಂಚದಿಂದ ಬಡಿಬಡಿದು ಅಕ್ಷರದ ತೋಡಿನೊಳಗೆ ಇಳಿಸಿ, ಮೇಲೆ ಮಸಿಯನ್ನು ತಟ್ಟಿ ಪಡಿಯಚ್ಚನ್ನು ತೆಗೆಯುವರು. ತಾಮ್ರದ ತಗಡಿನಲ್ಲಿ ತೋಡು ಕಪ್ಪಾಗುವುದು. ಇಲ್ಲಿ ತೋಡು ಬಿಳಿದಾಗಿ ಉಳಿದು ಸುತ್ತಲೂ ಕಪ್ಪಾಗುವುದು. ವಿದ್ಯೆಯು ಅದೇ, ತಿರುಗಿ ನಿಂತಿದೆ. ನಮ್ಮ ಹುಮನಾಬಾದ ತಾಲೂಕಿನ ಜಲಸಂಗಿಯ ಗುಡಿಯಲ್ಲಿ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಕಲ್ಲಿನಲ್ಲಿ ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ಅರಿಯದವರಾರು? ಅವಳು ಬರೆದದ್ದನ್ನು ಊರ ಹೊರಗಿನವರು ಓದಿದ್ದು ಪಡಿಯಚ್ಚಿನ ಪುಣ್ಯದಿಂದ.

ಈಗ ‘ನೂರಾದದ್ದಕ್ಕೆ ಬೆಲೆಯಿಲ್ಲ’ ಎಂಬ ಮಾತಿಗೆ ಮರಳುವೆನು. ನನ್ನ ನಿಜವಾದ ಜಗಳವು ಅದರೊಡನೆಯೇ ಇದೆ. ಹಾರ್ಲೆಮ್ ಎಂಬುದು ಹಾಲೆಂಡಿನ ಒಂದು ಊರು. ಅದರ ಸುತ್ತ ಬೆಟ್ಟವಿಲ್ಲ, ಜಲಪಾತವಿಲ್ಲ. ಮರಳಿನ ದಿಬ್ಬಗಳು, ಬಟ್ಟೆಯನ್ನು ಬಿಸಿಲಿಗೆ ಹಾಸಿ ಬಿಳುಪು ಮಾಡುವ ಬಯಲುಗಳು, ಒಂದು ಪಾಳುಬಿದ್ದ ಕೋಟೆಮನೆ. ಕ್ಲಾಸ್ ಯಾನ್ಸ್ ವಿಸ್ಸರ್ ಎಂಬವನು 1611–12ರ ಸುಮಾರಿಗೆ ಅವನ್ನೇ ‘ರಮ್ಯಸ್ಥಳಗಳು’ ಎಂದು ಕರೆದು ಹನ್ನೆರಡು ಸಣ್ಣ ತಗಡುಗಳ ಮಾಲೆಯನ್ನು ಮಾಡಿ, ದೂರ ಪ್ರಯಾಣಕ್ಕೆ ಬಿಡುವಿಲ್ಲದವರು ನೋಡಿ ಸಂತೋಷಪಡಲೆಂದು ಹೊರತಂದನು. ವರ್ಣಚಿತ್ರವನ್ನು ಕೊಳ್ಳಲಾರದವನ ಕೈಗೂ ಅಚ್ಚಿನ ಹಾಳೆಯು ಎಟುಕಿತು. ಆ ಹಾಳೆಗಳನ್ನು ನೋಡಿ ಅಲ್ಲಿಯ ಜನರು ತಮ್ಮ ಮರಳುದಿಬ್ಬವು ಸುಂದರವೆಂದು ಕಲಿತರು. ಮುಂದೆ ಲೋಕವೂ ಕಲಿಯಿತು. ಆ ಊರು ನಮಗೆ ತೀರ ಅಪರಿಚಿತವೂ ಅಲ್ಲ. ವಿಸ್ಸರನ ಮಾಲೆಯು ಬಂದ ಕಾಲದಲ್ಲಿಯೇ ಅದೇ ಹಾರ್ಲೆಮಿನ ಕೊರ್ನೆಲಿಸ್ ಹೇಡ ಎಂಬ ಚಿತ್ರಕಾರನು ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಸೇವೆಯಲ್ಲಿದ್ದನು. ಅವನ ಚಿತ್ರಗಳು ಸುಲ್ತಾನನ ಕಣ್ಣಿಗೆ ಮೀಸಲಾದವು. ಊರಿನಲ್ಲಿ ಉಳಿದವರ ಅಚ್ಚಿನ ಹಾಳೆಗಳಾದರೋ ನೇಕಾರನ ಮನೆಯ ಗೋಡೆಗೂ ಎಟುಕುವಂಥವಾಗಿದ್ದವು. ಒಂದೇ ಊರಿನ ಎರಡು ದಾರಿಗಳು ಇವು.

ನಮ್ಮ ಗೋಡೆಗಳ ಮೇಲೇನಿದೆ? ‘ನಿಸರ್ಗದ ಚಿತ್ರವನ್ನು ಬರೆಯಿರಿ’ ಎಂದು ತರಗತಿಯಲ್ಲಿ ಹೇಳಿದಾಗಲೆಲ್ಲ ನಾನು ಕಂಡದ್ದು ಒಂದೇ ಚಿತ್ರ: ಎರಡು ತ್ರಿಕೋನದ ಬೆಟ್ಟ, ನಡುವೆ ಮೂಡುವ ಸೂರ್ಯ, ಇಳಿದು ಬರುವ ಹೊಳೆ, ದಡದಲ್ಲಿ ತೆಂಗಿನ ಮರ. ಮಂಠಾಳದ ಸುತ್ತಿನ ಎರೆಯ ನೆಲದಲ್ಲಿ, ತೊಗರಿಯ ಹೊಲದ ಬದುವಿನಲ್ಲಿ ಬೆಳೆದ ಮಕ್ಕಳು ಇವರು! ಜಾಲಿಯ ಗಿಡವನ್ನು ಒಬ್ಬನೂ ಬರೆಯಲಿಲ್ಲ. ಅದು ಚಿತ್ರಕ್ಕೆ ಯೋಗ್ಯವೆಂದು ಅವರಿಗೆ ಯಾರೂ ತೋರಿಸಿರಲಿಲ್ಲ. ಇಲ್ಲಿಯೇ ನನ್ನ ಸಿದ್ಧಾಂತವು: ಕಣ್ಣು ಪ್ರತಿಗಳಿಂದಲೇ ಬೆಳೆಯುವುದು. ನಕಲು ಮಾಡದ ಮಗುವಿಲ್ಲ, ಜನಾಂಗವಿಲ್ಲ. ನಮ್ಮ ನೆಲವನ್ನು ನಾವು ಪ್ರತಿ ಮಾಡಿ ಮನೆಮನೆಗೆ ಕೊಡದಿದ್ದರೆ, ಪರದೇಶದ ಹಿಮದ ಬೆಟ್ಟವು ಅಂಗಡಿಯ ಕ್ಯಾಲೆಂಡರನ್ನು ಹತ್ತಿ ಬಂದು ಆ ಸ್ಥಳದಲ್ಲಿ ಕೂಡುವುದು, ಬಹುಮಾನವನ್ನೂ ಪಡೆಯುವುದು.

ಅಚ್ಚನ್ನು ಜರೆಯುವ ಮನೆಗಳ ದೇವರ ಕೋಣೆಯನ್ನು ಒಮ್ಮೆ ಇಣುಕಬೇಕು. 1894ರಲ್ಲಿ ರವಿವರ್ಮನು ಮುಂಬಯಿಯಲ್ಲಿ ಸ್ಥಾಪಿಸಿದ ಕಲ್ಲಚ್ಚಿನ ಮುದ್ರಣಾಲಯದ ಲಕ್ಷ್ಮಿಯೂ ಸರಸ್ವತಿಯೂ ಅವರ ಸಂತತಿಯೂ ಅಲ್ಲಿ ಗಂಧ ಕುಂಕುಮಗಳೊಡನೆ ವಿರಾಜಿಸುತ್ತಿರುವರು. ನಮ್ಮ ಕಲಬುರಗಿಯ ಎಸ್. ಎಂ. ಪಂಡಿತರ ಮೂಲಚಿತ್ರವನ್ನು ಕಂಡವರು ಕೆಲವರು. ಕ್ಯಾಲೆಂಡರಿನಲ್ಲಿ ಕಂಡವರು ಲಕ್ಷಾಂತರ ಮಂದಿ. ಪೂಜೆಗೆ ಯೋಗ್ಯವಾದ ಅಚ್ಚು ಬಹುಮಾನಕ್ಕೆ ಅಯೋಗ್ಯವೆ? ಕನ್ನಡದ ಮೊದಲ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವೂ 1843ರಲ್ಲಿ ಕಲ್ಲಚ್ಚಿನಿಂದಲೇ ಹೊರಬಂದಿತೆಂಬುದನ್ನು ಪತ್ರಿಕೆಯನ್ನೋದುವ ನಾವು ಮರೆಯಬಾರದು.

ಆದರೆ ಎಲ್ಲ ನಕಲೂ ಸಾಧುವೆಂದು ನಾನು ವಾದಿಸುವುದಿಲ್ಲ. ಕಳವು ಎಂಬುದೊಂದುಂಟು. ಇಟಲಿಯ ಮಾರ್ಕಾಂಟೋನಿಯೋ ಎಂಬವನು ಡ್ಯೂರರನ ಚಿತ್ರಗಳನ್ನು ತಾಮ್ರದಲ್ಲಿ ಕೊರೆದು, ಡ್ಯೂರರನ ಅಂಕಿತಾಕ್ಷರಗಳನ್ನೂ ಹಾಕಿ ಮಾರಿದನೆಂದೂ, ಡ್ಯೂರರನು ವೆನಿಸ್ಸಿಗೆ ಬಂದು ದೂರಿತ್ತನೆಂದೂ, ಇನ್ನು ಮುಂದೆ ಆ ಅಂಕಿತವನ್ನು ಹಾಕಕೂಡದೆಂದಷ್ಟೇ ಅಲ್ಲಿಯ ಆಡಳಿತವು ತೀರ್ಪಿತ್ತಿತೆಂದೂ ವಸಾರಿಯು ಬರೆದಿರುವನು. ಆ ತೀರ್ಪಿನಲ್ಲಿ ವಿವೇಕವಿದೆ. ಕಳವು ಇರುವುದು ಪ್ರತಿ ಮಾಡುವುದರಲ್ಲಲ್ಲ, ಮೂಲವನ್ನು ಮರೆಸುವುದರಲ್ಲಿ. ಯಾವುದನ್ನು ನೋಡಿ ಕೊರೆದೆನೆಂದು ಹುಡುಗನು ಹೇಳಿದನು. ಯಾವುದನ್ನು ನೋಡಿ ಬರೆದದ್ದೆಂದು ಹಿಮದ ಬೆಟ್ಟವು ಹೇಳಲಿಲ್ಲ. ಆದ್ದರಿಂದ, ಮಗುವೇ, ನೀನು ಕಳವು ಮಾಡಿಲ್ಲ.

ಖಂಡನೆಯನ್ನು ಮಾಡಿ ಸುಮ್ಮನಾಗುವುದು ಸುಲಭ. ನಮ್ಮ ಜಿಲ್ಲೆಯ ಸಾಹಿತ್ಯಪ್ರಿಯರ ಮುಂದೆ ಒಂದು ಕೆಲಸವನ್ನೂ ಇಡುವೆನು. ವಿಸ್ಸರನದು ಹನ್ನೆರಡು ಹಾಳೆಯ ಮಾಲೆ, ನಮ್ಮದೂ ಹನ್ನೆರಡಾಗಲಿ. ಕಲ್ಯಾಣದ ಕೋಟೆ, ತ್ರಿಪುರಾಂತ ಕೆರೆ, ನಾರಾಯಣಪುರದ ಗುಡಿ, ಜಲಸಂಗಿಯ ಬಾಲಿಕೆ, ಬೀದರಿನಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸಾ, ಕಾರಂಜಾ ಹೊಳೆಯ ದಡ, ಹುಮನಾಬಾದಿನ ಒಂದು ಬೀದಿ, ಮಂಠಾಳದ ಹೊಲದ ಒಂದು ಜಾಲಿಗಿಡ. ತಾಮ್ರದ ತಗಡೂ ದ್ರಾವಕವೂ ಶಾಲೆಗಳಿಗೆ ಬೇಡ. ಲಿನೋಲಿಯಂ, ಉಳಿ, ಮಸಿ, ಚಮಚ ಸಾಕು. ಶಾಲೆಯ ಮಕ್ಕಳು ಕೊರೆಯಲಿ. ಯಾವುದನ್ನು ನೋಡಿ ಕೊರೆದರೆಂದು ಪ್ರತಿ ಹಾಳೆಯ ಕೆಳಗೂ ಬರೆಯಲಿ. ಒಂದೊಂದರದು ನೂರು ಪ್ರತಿಗಳನ್ನು ತೆಗೆದು ಮನೆಮನೆಗೆ ಕೊಡೋಣ. ಮೊದಲನೆಯ ಹಾಳೆಯು ಸಿದ್ಧವಾಗಿದೆ. ಅದನ್ನು ತೀರ್ಪುಗಾರರು ಬದಿಗಿರಿಸಿರುವರು, ಕೇಳಿದರೆ ಕೊಡುವರು. ಅದನ್ನು ಅಚ್ಚೊತ್ತುವ ಕಾಗದದ ವೆಚ್ಚವು ನನ್ನ ನಿವೃತ್ತಿವೇತನದ ಮೇಲಿರಲಿ. ಒಪ್ಪದ ಮಹನೀಯರು ಇದೇ ಪುಟಗಳಲ್ಲಿ ಉತ್ತರಿಸಿದರೆ ನಾನು ಕೃತಜ್ಞನು. ಅಲಮತಿವಿಸ್ತರೇಣ.